ಟೆನೆಸ್ಸಿಯ ರೇಚಲ್

ಶ್ರೀಗಂಧದ ಕಾವಲಿನ ರಂಜಿನಿ ಅಮೆರಿಕ ನೋಡಿಲ್ಲ, ಪಾಸ್‌ಪೋರ್ಟೂ ಮಾಡಿಸಿಲ್ಲ. ಆದರೂ ಕೆಂಗೇರಿಯ ಒಂದು ಕಾಲ್ ಸೆಂಟರಿನಲ್ಲಿ ಹನ್ನೊಂದು ವರ್ಷದಿಂದ ಅವಳು ಟೆನೆಸ್ಸಿ ರಾಜ್ಯದ ರೇಚಲ್. ಕಿವಿಗೆ ಹಾಕುವ ಮೆಷಿನ್ ಕೆಟ್ಟರೆ ಅಲ್ಲಿನ ಮುದುಕರು ಅವಳಿಗೆ ಫೋನ್ ಮಾಡುತ್ತಾರೆ. ಕಿವಿ ಕೇಳದವರಿಗೆ ಫೋನಿನಲ್ಲೇ ಸಮಾಧಾನ ಹೇಳುವ ಈ ಏರ್ಪಾಡು ಯಾವ ಮಹಾನುಭಾವನ ತಲೆಗೆ ಹೊಳೆಯಿತೋ, ನನಗಂತೂ ಗೊತ್ತಿಲ್ಲ.

ಬೆಂಗಳೂರು ಎಂದರೆ ಗಿರಾಕಿಗಳು ನಂಬುವುದಿಲ್ಲ, ಅಲ್ಲಿಯವಳೇ ಎನ್ನಬೇಕು. ಇದು ಕಂಪನಿಯ ನಿಯಮ. ಹೊಸಬರಿಗೆ ಈ ಸುಳ್ಳನ್ನು ಕಲಿಸುವವಳೂ ರಂಜಿನಿಯೇ. ಟೆನೆಸ್ಸಿಯ ಬಾವುಟದಲ್ಲಿ ಮೂರು ನಕ್ಷತ್ರ, ರಾಜ್ಯಕ್ಕೆ ಮೂರು ಪಾಲು. ಪೂರ್ವಕ್ಕೆ ಬೆಟ್ಟ, ನಡುವೆ ದಿಣ್ಣೆಗಳು ಮತ್ತು ಹಾಡುಗಾರರ ಊರು, ಪಶ್ಚಿಮಕ್ಕೆ ಮಿಸಿಸಿಪ್ಪಿ ನದಿಯವರೆಗೂ ಹತ್ತಿಯ ಬಯಲು. ಅಲ್ಲಿ ಎಷ್ಟೋ ಜನ ತಮ್ಮನ್ನು ಪೂರ್ವದವರು, ಪಶ್ಚಿಮದವರು ಎಂದೇ ಹೇಳಿಕೊಳ್ಳುತ್ತಾರೆ. ಇದು ಅವಳಿಗೆ ಬೇಗ ತಲೆಗೆ ಹತ್ತಿತ್ತು. ಶ್ರೀಗಂಧದ ಕಾವಲು ಬೆಂಗಳೂರಿಗೆ ಸೇರಿ ಎಷ್ಟೋ ವರ್ಷವಾದರೂ ಅವಳ ತಾಯಿ ನರಸಮ್ಮ ಇವತ್ತಿಗೂ ಮೆಜೆಸ್ಟಿಕ್ಕಿಗೆ ಹೊರಟರೆ ಬೆಂಗಳೂರಿಗೆ ಹೋಗಿ ಬರುತ್ತೇನೆ ಎನ್ನುತ್ತಾರೆ.

ಒಂದು ಸಂಜೆ ಡೋರತಿ ಎಂಬ ಅಜ್ಜಿ ಫೋನ್ ಮಾಡಿ, ಮಾತಿನ ನಡುವೆ ಇವಳ ಊರು ಕೇಳಿದರು. ಪಾಠದ ಪ್ರಕಾರ ರಂಜಿನಿ ಪೂರ್ವದ ಬೆಟ್ಟದ ಒಂದು ಪುಟ್ಟ ಊರಿನ ಹೆಸರು ಹೇಳಿದಳು. ಅಜ್ಜಿ ಹುಟ್ಟಿದ್ದೂ ಅಲ್ಲೇ, ಈಗ ಇರುವುದು ಮಾತ್ರ ದೂರದಲ್ಲಿ. ಹಿಂದಿನ ದಿನ ಅಲ್ಲಿ ಹೊಳೆ ಉಕ್ಕಿತ್ತಂತೆ. ದಂಡೆಯ ಮೇಲಿನ ಚರ್ಚು, ಅದರ ಹಿಂದಿರುವ ತಮ್ಮ ತಾಯಿಯ ಸಮಾಧಿ ಹೇಗಿದೆ ಎಂದು ವಿಚಾರಿಸಿದರು.

ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ಫೋನಿನಲ್ಲಿ ಕೆಟ್ಟ ಸುದ್ದಿ ಹೇಳುವ ಪದ್ಧತಿ ಇಲ್ಲ. ಅಪ್ಪ ಅಂಜಿನಯ್ಯ ಐಸಿಯುನಲ್ಲಿದ್ದಾಗಲೂ ರಂಜಿನಿ ತಾಯಿಗೆ ಏನೂ ಆಗಿಲ್ಲ ಎಂದೇ ಹೇಳಿದ್ದಳು. ಈಗಲೂ ಅದೇ ಬಾಯಿಗೆ ಬಂತು. ಏನೂ ಆಗಿಲ್ಲ, ನಮ್ಮ ಮನೆ ಚರ್ಚಿನ ಪಕ್ಕದಲ್ಲೇ ಇದೆ, ಬೆಳಿಗ್ಗೆ ನೋಡಿಕೊಂಡು ಬಂದೆ ಎಂದಳು. ಅಜ್ಜಿ ದೇವರು ಒಳ್ಳೆಯದು ಮಾಡಲಿ ಎಂದು ಹರಸಿದರು.

ಮಾರನೆಯ ದಿನದಿಂದ ರಂಜಿನಿ ಜ್ವರ ಬಂದು ನಾಲ್ಕು ದಿನ ರಜೆ ಹಾಕಿದಳು. ಐದನೆಯ ಸಂಜೆ ಹೆಡ್‌ಸೆಟ್ ಹಾಕಿಕೊಂಡು ರೇಚಲ್ ಎಂದಳೋ ಇಲ್ಲವೋ, ಆ ಕಡೆ ಡೋರತಿ ಜೋರಾಗಿ ಅಳತೊಡಗಿದರು. ಇವಳು ಮಾತಾಡಿದ ದಿನವೇ ನೀರು ಮತ್ತೆ ಏರಿ ಚರ್ಚು ಕೊಚ್ಚಿಹೋಗಿತ್ತು, ಪಕ್ಕದ ಮನೆಗಳೂ ಹೋಗಿದ್ದವು. ಅಜ್ಜಿ ದಿನಾ ಫೋನ್ ಮಾಡಿದ್ದರು. ರೇಚಲ್ ಬಂದಿಲ್ಲ ಎಂಬುದೊಂದೇ ಉತ್ತರ. ಕೊನೆಗೆ ಎಂಬತ್ತೆರಡರ ವಯಸ್ಸಿನಲ್ಲಿ ತಾವೇ ಆ ಊರಿಗೆ ಹೋಗಿ, ಕಾಣೆಯಾದವರ ಪಟ್ಟಿಯಲ್ಲಿ ರೇಚಲ್ ಹೆಸರು ಬರೆಸಿದ್ದರು.

"ಎಲ್ಲಿದೀಯಮ್ಮ ಈಗ? ಊಟ ಮಾಡಿದ್ಯಾ? ನಾನೇ ಬರ್ತೀನಿ, ಹೇಳು."

ರಂಜಿನಿಗೆ ನಾಚಿಕೆಯಾಯಿತು. ಎದುರಿನ ಗೋಡೆಯ ಮೇಲೆ ಅವಳೇ ಅಂಟಿಸಿದ ಟೆನೆಸ್ಸಿ ನಕ್ಷೆಯ ಕಡೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು.

"ನಾನು ಆ ಊರಿನವಳಲ್ಲಮ್ಮ. ಇಂಡಿಯಾದಲ್ಲಿದೀನಿ, ಬೆಂಗಳೂರಲ್ಲಿ. ನನ್ ಹೆಸರು ರೇಚಲ್ಲೂ ಅಲ್ಲ."



"ಹಾಗಾದ್ರೆ ಫೋನ್ ಇಡ್ತೀನಮ್ಮ," ಎಂದರು ಡೋರತಿ. "ಇಲ್ಲಿ ಊರಿನ ಹುಡುಗರು ನಿನ್ನೆಯಿಂದ ಹೊಳೆಯ ಕೆಸರು ತೋಡ್ತಾ ಇದಾರೆ, ನಿನಗೋಸ್ಕರ. ಸಾಕು ಅಂತ ಹೇಳ್ಬೇಕು."