ಬಿಗಿ ಮುಚ್ಚಳದ ಡಬ್ಬಿ

ಶಮೀಮ್ ಮೇಡಂ ಅವರ ಕೈಚೀಲದಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತಿತ್ತು. ಒಳಗಿನ ಕಡಲೆಮಿಠಾಯಿ ಹೊರಗಿನಿಂದಲೇ ಚೆನ್ನಾಗಿ ಕಾಣುತ್ತಿತ್ತು. ಮುಚ್ಚಳ ಮಾತ್ರ ಮಕ್ಕಳ ಬೆರಳಿಗೆ ಜಗ್ಗುವಂಥದಲ್ಲ. ಡಬ್ಬಿಯನ್ನು ಮಗುವಿನ ಕೈಗಿತ್ತು, ಹುಬ್ಬುಗಳನ್ನು ತುಸು ಮೇಲೆತ್ತಿ, ಅವರು ಸುಮ್ಮನೆ ಕೂರುತ್ತಿದ್ದರು. ಮಗು ತಿರುವಲಿ, ಕುಟ್ಟಲಿ, ಅಳಲಿ, ಆ ಹುಬ್ಬು ಇಳಿಯುತ್ತಿರಲಿಲ್ಲ. ಮಾತು ಬರಿಸುವುದೇ ವೃತ್ತಿಯಾದ ಆ ಹೆಣ್ಣುಮಗಳಷ್ಟು ನಿಶ್ಚಲವಾದ ಮೌನವನ್ನು ಜಪಕ್ಕೆ ಕುಳಿತವರಲ್ಲಿಯೂ ನಾನು ವಿರಳವಾಗಿ ಕಂಡಿದ್ದೇನೆ.

ಸೋಮವಾರ ಮಾಲೂರು, ಮಂಗಳವಾರ ನಮ್ಮ ಮುಳಬಾಗಿಲು, ಗುರುವಾರ ಶ್ರೀನಿವಾಸಪುರ, ಉಳಿದ ದಿನ ಕೋಲಾರ. ಬಸ್ಸಿಳಿದು ನೇರವಾಗಿ ಒಂದು ಶಾಲೆಯ ಹಿಂಬದಿಯ ಕೊಠಡಿಗೆ ಬಂದು, ಚಾಪೆ ಹಾಸಿ, ಮಾತು ತಡವಾದ ಮಕ್ಕಳನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಅವರ ಮನೆಮಾತು ದಖನಿ ಉರ್ದು. ಆದರೆ ಮಗುವಿನ ಮನೆಗೆ ತಕ್ಕಂತೆ ಕನ್ನಡವನ್ನೂ ತೆಲುಗನ್ನೂ ಸಲೀಸಾಗಿ ಆಡುತ್ತಿದ್ದರು.

ನನ್ನ ಮೊಮ್ಮಗಳು ಪದ್ಮಿನಿಗೆ ಆಗ ಐದು ತುಂಬಿತ್ತು. ಬೆಳಗಿನ ಪಾರಾಯಣದ ಸಹಸ್ರನಾಮವನ್ನು ಅವಳು ಒಂದಕ್ಷರವೂ ಜಾರದಂತೆ ಒಪ್ಪಿಸುತ್ತಿದ್ದಳು. ಸಂಸ್ಕೃತ ಪಾಠ ಹೇಳಿಯೇ ಆಯುಷ್ಯ ಸವೆಸಿದ ನನಗೆ ಅದು ದೈವಾನುಗ್ರಹವಾಗಿ ತೋರಿತ್ತು. ತನ್ನದೆಂಬ ಒಂದು ಮಾತನ್ನೂ ಅವಳು ಆಡುತ್ತಿಲ್ಲವೆಂಬುದರ ಕಡೆಗೆ ನನ್ನ ಲಕ್ಷ್ಯವೇ ಹೋಗಿರಲಿಲ್ಲ. ಶಾಲೆಗೆ ಸೇರಿಸಿದ ಹೊಸತರಲ್ಲಿ ಒಂದು ಮಧ್ಯಾಹ್ನ, ನೀರು ಕೇಳಲಾರದೆ, ಕುಳಿತಲ್ಲೇ ಕುಸಿದುಬಿದ್ದಳು. ನೀರು, ಶೌಚ ಇವೆರಡನ್ನಾದರೂ ಕೇಳಲು ಬಂದ ಮೇಲೆ ಕರೆತನ್ನಿ ಎಂದು ಶಾಲೆಯವರು ಮನೆಗೆ ಕಳುಹಿಸಿದರು.

ಮೊದಲ ಮಂಗಳವಾರ ನಾನು ತುಸು ಹೆಮ್ಮೆಯಿಂದಲೇ ಅವಳಿಂದ ಶ್ಲೋಕ ಹೇಳಿಸಿದೆ. ಮೇಡಂ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಕೊನೆಯವರೆಗೂ ಕೇಳಿದರು.

"ಎಷ್ಟ್ ಚೆನ್ನಾಗಿ ಹೇಳ್ತದೆ ಮಗು. ದೇವರ ಸಾವಿರ ಹೆಸರು ಬರ್ತದೆ. ಬಾಯಾರಿದ್ರೆ ಏನ್ ಹೇಳ್ತದೆ ಶಾಸ್ತ್ರಿಗಳೇ?"

"ಏನೂ ಹೇಳೋದಿಲ್ಲ. ಚೊಂಬಿನ ಕಡೆ ನೋಡ್ತಾಳೆ. ನಾವು ಕೊಡ್ತೀವಿ."

"ಸ್ಕೂಲಲ್ಲಿ ಚೊಂಬು ನೋಡೋದನ್ನ ಯಾರು ನೋಡ್ತಾರೆ?"

ಪದ್ಮಿನಿ ತಾನಾಗಿಯೇ ಕೈಯೊಡ್ಡಿ ಬರುವ ಹೊತ್ತು ಯಾವುದೆಂದು ವಿಚಾರಿಸಿದರು. ಪೂಜೆ ಮುಗಿದು ಉದ್ಧರಣೆಯ ಚಮಚದಿಂದ ತೀರ್ಥ ಹಾಕುವ ಹೊತ್ತು, ಎಂದೆ.

"ಹಾಗಿದ್ರೆ ಅಲ್ಲೇ ಹಿಡ್ಕೊಳ್ಳಿ. ಉದ್ಧರಣೆ ಮೇಲೇ ಇರ್ಲಿ. ಹತ್ತು ಎಣಿಸಿ. ಏನ್ ಹೇಳ್ಬೇಕು ಅಂತ ನೀವು ಹೇಳ್ಕೊಡ್ಬೇಡಿ. ಹೇಳ್ಕೊಟ್ರೆ ಅದೂ ಒಂದು ಶ್ಲೋಕ ಆಗ್ತದೆ."

ನನಗೆ ಸಿಟ್ಟೇ ಬಂದಿತು. "ಒಡ್ಡಿದ ಅಂಗೈಗೆ ತೀರ್ಥ ತಡೆಯೋದು ನಮ್ಮಲ್ಲಿ ಇಲ್ಲಮ್ಮ. ಅಪಚಾರ."

"ಕೊಡ್ಬೇಡಿ ಅಂತಿಲ್ಲ. ಕೊನೇಗೆ ಕೊಟ್ಟೇ ಕೊಡಿ. ದಿನಾ ದೇವರ ಮುಂದೆ ಕಾಯೋರು ನೀವು, ಮೊಮ್ಮಗಳ ಮುಂದೆ ಹತ್ತೆಣಿಕೆ ಆಗಲ್ವಾ?"

ಆ ವಾರ ನಾನು ಹಾಗೆ ಮಾಡಲಿಲ್ಲ. ಮುಂದಿನ ವಾರವೂ ಮಾಡಲಿಲ್ಲ. ಅವರು ಗದರಲಿಲ್ಲ. "ಸರಿ, ನಾನು ಮುಂದಿನ ಮಂಗಳವಾರನೂ ಬರ್ತೀನಿ" ಎಂದಷ್ಟೇ ಹೇಳಿ ಬಸ್ಸಿಗೆ ನಡೆದರು. ಮೂರನೆಯ ವಾರ ದೇವರಲ್ಲಿ ಕ್ಷಮೆ ಬೇಡಿ ಉದ್ಧರಣೆಯನ್ನು ಮೇಲೆಯೇ ಹಿಡಿದೆ. ನಾಲ್ಕು ಎಣಿಸುವುದರೊಳಗೆ ನನ್ನಾಕೆ ಅಡಿಗೆಮನೆಯಿಂದ ಬಂದಳು.

"ಏನ್ರೀ ಇದು, ಮಗು ಕೈ ನೋಯ್ತಿದೆ. ಹಾಕ್ರೀ ಅತ್ಲಾಗೆ."

ಹಾಕಿಬಿಟ್ಟೆ. ಅದನ್ನು ಕೇಳಿ ಮೇಡಂ ಬಹಳ ನಕ್ಕರು. "ನಿಮ್ಮನೇಲಿ ಥೆರಪಿ ಬೇಕಾಗಿರೋದು ಅಜ್ಜಿಗೆ. ಕರ್ಕೊಂಬನ್ನಿ." ಮರುವಾರ ಆಕೆಯನ್ನು ಚಾಪೆಯ ಮೇಲೆ ಕೂರಿಸಿ, ಮಗು ಕೇಳುವವರೆಗೆ ತೆರೆಯಬಾರದೆಂದು ಡಬ್ಬಿಯ ಕಾವಲನ್ನು ಆಕೆಗೇ ಒಪ್ಪಿಸಿದರು.

ಮಾವಿನ ಹೂವು ಕಾಯಿ ಕಚ್ಚುವಷ್ಟು ದಿನ ಹೀಗೆಯೇ ಕಳೆಯಿತು. ಪ್ರತಿದಿನ ಹತ್ತೆಣಿಕೆ, ಬಳಿಕ ತೀರ್ಥ. ಒಂದು ಬೆಳಿಗ್ಗೆ ಎಣಿಕೆಯಲ್ಲಿ ಏಳಕ್ಕೋ ಎಂಟಕ್ಕೋ ಬಂದಿದ್ದೆ. ಪದ್ಮಿನಿ ಅಂಗೈ ನೋಡಿದಳು, ಉದ್ಧರಣೆ ನೋಡಿದಳು, ಅನಂತರ ನನ್ನ ಮುಖವನ್ನೇ ನೋಡಿದಳು.

"ತಾತ, ಹಾಕು."

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ನನ್ನ ಆತುರದಲ್ಲಿ ಉದ್ಧರಣೆ ಓರೆಯಾಗಿ ತೀರ್ಥವೆಲ್ಲ ನೆಲಕ್ಕೆ ಚೆಲ್ಲಿತು. ಅವಳು ಕೈ ಹಿಂತೆಗೆಯಲಿಲ್ಲ. "ಹಾಕು" ಎಂದು ಮತ್ತೊಮ್ಮೆ ಕೇಳಿದಳು.

ಕೂಡಲೇ ಮೇಡಂ ಅವರಿಗೆ ಫೋನು ಮಾಡಿದೆ. ಶ್ರೀನಿವಾಸಪುರದ ಬಸ್ಸಿನಲ್ಲಿದ್ದರು. ಎಂಜಿನ್ನಿನ ಸದ್ದಿನ ಮೇಲೆ ದನಿಯೆತ್ತಿ, "ಸಂತೋಷ ಶಾಸ್ತ್ರಿಗಳೇ. ನಾಳೆಯಿಂದ ಬಾತ್‌ರೂಮು" ಎಂದರು.

ಮಾವು ಮುಗಿದು ಶಾಲೆ ತೆರೆದಾಗ ಪದ್ಮಿನಿಯೂ ಹೋದಳು. ಇಂದಿಗೂ ಅವಳ ಮಾತು ಕೊಂಚವೇ; ಆದರೆ ಬೇಕಾದುದನ್ನು ಕೇಳುತ್ತಾಳೆ.

ಕಳೆದ ವರ್ಷ ಮೇಡಂ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಕೊನೆಯ ಮಂಗಳವಾರ ಅವರು ಡಬ್ಬಿಯನ್ನು ಮುಂದೆ ಚಾಚಿದಾಗ ಪದ್ಮಿನಿ ಅದನ್ನು ಇಸಿದುಕೊಂಡು ತಾನೇ ತೆರೆದುಬಿಟ್ಟಳು. "ನಿನ್ ಹತ್ರ ಇದರ ಆಟ ನಡೆಯಲ್ಲ ಇನ್ನು. ಇಟ್ಕೋ ಬೇಟಾ" ಎಂದು ಅವಳ ತಲೆ ಸವರಿ ಹೊರಟರು. ಆಮೇಲೆ ನಾನು ಅವರನ್ನು ಕಂಡಿಲ್ಲ.

ಈಗ ಆ ಡಬ್ಬಿಯಲ್ಲಿ ನನ್ನ ಮಾತ್ರೆಗಳಿವೆ. ಸೆಡೆತುಹೋದ ನನ್ನ ಬೆರಳಿಗೆ ಮುಚ್ಚಳ ಜಗ್ಗುವುದಿಲ್ಲ. ಮೊನ್ನೆ ಮಂಗಳವಾರ ಸಂಜೆ, ಕೇಳದಿದ್ದರೂ ತೆರೆದುಕೊಡುತ್ತಾಳೆ ಎಂದುಕೊಂಡು, ಡಬ್ಬಿಯನ್ನು ಅವಳ ಮುಂದಿಟ್ಟು ಕುಳಿತೆ. ಪದ್ಮಿನಿ ಅದನ್ನು ಮಡಿಲಲ್ಲಿ ಇರಿಸಿಕೊಂಡು, ಹುಬ್ಬುಗಳನ್ನು ತುಸು ಮೇಲೆತ್ತಿ, ನನ್ನನ್ನೇ ನೋಡುತ್ತ ಸುಮ್ಮನೆ ಕುಳಿತಳು. ಹೊರಗೆ ಕೋಲಾರದ ಬಸ್ಸು ಹಾದುಹೋಯಿತು. ಆ ಹುಬ್ಬು ಇಳಿಯಲಿಲ್ಲ.

"ಪದ್ದು, ತೆಗೆದುಕೊಡಮ್ಮ" ಎಂದು ಕೇಳಿದೆ.

ತೆಗೆದುಕೊಟ್ಟಳು.