ತೆಗೆದೆನೆಂದು ನೆನಪಿದ್ದ ಪ್ಲಗ್ಗು

ನಮ್ಮ ಓಣಿಯಲ್ಲಿ ಐದು ಮನೆ. ಪುತ್ತೂರು ಪೇಟೆಯಿಂದ ಸ್ವಲ್ಪ ಮೇಲೆ, ಗುಡ್ಡ ಕಡಿದು ಸಮತಟ್ಟು ಮಾಡಿದ ಮುರಕಲ್ಲಿನ ನೆಲದಲ್ಲಿ ಎದುರುಬದುರು ನಿಂತಿವೆ. ಹಗಲು ಹೊತ್ತು ಅವುಗಳಲ್ಲಿ ಮೂರಕ್ಕೆ ಬೀಗ. ಬ್ಯಾಂಕಿಗೆ, ಶಾಲೆಗೆ, ಕೋರ್ಟಿಗೆ ಹೋದವರು ಸಂಜೆ ಆರರ ಮೊದಲು ಮರಳುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಬರುವುದು ಮಧ್ಯಾಹ್ನ ಮೂರರ ನಂತರ. ಹಾಗಾಗಿ ಆ ಮೂರು ಮನೆಗಳ ಬೀಗದ ಕೈಗಳು ನನ್ನ ಹತ್ತಿರ ಇರುತ್ತಿದ್ದವು. ನಾಲ್ಕನೆಯದು ನನ್ನ ಎದುರು ಮನೆ, ಅಲ್ಲಿ ಹಗಲೂ ಜನ ಇರುತ್ತಿದ್ದರು. ಐದನೆಯದರ ಮಹಡಿಯಲ್ಲಿ ಬಾಡಿಗೆಗೆ ನಾನು.

ನಾನು ಯಾವಾಗಲೂ ಮನೆಯಲ್ಲಿರುವವನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ನಾಲ್ಕು ಊರಿನ ನಾಲ್ಕು ಕಾಲೇಜುಗಳಲ್ಲಿ ಪಾಠ ಹೇಳಿ, ಎಲ್ಲೂ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲಲಾಗದೆ, ಕೊನೆಗೆ ಪಠ್ಯಪುಸ್ತಕಗಳ ಪ್ರೂಫ್ ತಿದ್ದುವ ಕೆಲಸ ಹಿಡಿದು ಇಲ್ಲಿ ಕುಳಿತೆ. ಮದುವೆಯಾಗಿಲ್ಲ. ಹುಟ್ಟಿದ ಮನೆ ಕಡಬದ ಕಡೆ ಇತ್ತು. ಈಗ ಅಲ್ಲಿ ನನ್ನನ್ನು ಕಾಯುವವರಿಲ್ಲ. ಬೇರೆಯವರ ಮನೆಗೆ ಹೋಗಲು ನನಗೆ ಸಿಕ್ಕಿದ್ದ ಒಂದೇ ನೆಪ ಎಂದರೆ ಈ ಪ್ಲಗ್ ತೆಗೆಯುವ ಕೆಲಸ.

ಗುಡುಗಿದ ಕೂಡಲೇ ಪ್ಲಗ್ ತೆಗೆಯಬೇಕೆನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ದೂರ ಇಡಬೇಕು. ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್, ವೈಫೈ ಡಬ್ಬಿ, ಒಂದನ್ನೂ ಬಿಡುವಂತಿಲ್ಲ. ಟಿ.ವಿ.ಗೆ ಮಾಡಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್ ಬೇರೆ. ಅದನ್ನೂ ತಿರುಗಿಸಿ ಬಿಚ್ಚಬೇಕು. ಓಣಿಗೆ ಬಂದ ಹೊಸದರಲ್ಲಿ ನಾನು ಇದಕ್ಕೆಲ್ಲ ನಕ್ಕಿದ್ದೆ. ಅರ್ತಿಂಗ್ ಸರಿ ಮಾಡಿಸಿ, ಗುಂಡಿಗೆ ಇದ್ದಿಲು ಉಪ್ಪು ಹಾಕಿ ಬೇಸಗೆಯಲ್ಲಿ ನೀರು ಹೊಯ್ಯಿರಿ, ಟಿ.ವಿ.ಗೆ ಒಂದು ಸ್ಪೈಕ್ ಗಾರ್ಡ್ ಹಾಕಿ ಎಂದು ಎಲ್ಲರಿಗೂ ಪಾಠ ಹೇಳಿದ್ದೆ. ಎದುರು ಮನೆಗೆ ಸ್ಪೈಕ್ ಗಾರ್ಡ್ ತಂದು ಜೋಡಿಸಿಕೊಟ್ಟವನೂ ನಾನೇ.

ಆ ಮನೆಯ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದರು: "ಇದು ಸಿಡಿಲು ಬಂದ್ರೆ ಎಂತ ಮಾಡ್ತದೆ ಮಾಸ್ಟ್ರೇ? ಒಳಗೆ ಬರ್ಬೇಡ ಅಂತ ಇಂಗ್ಲಿಷಿನಲ್ಲಿ ಹೇಳ್ತದಾ?"

"ಸಣ್ಣಪುಟ್ಟ ಹೆಚ್ಚುಕಮ್ಮಿ ಆದರೆ ತಡೀತದೆ ಅಮ್ಮ. ಹತ್ತಿರವೇ ಬಡಿದ್ರೆ ತಡೀಲಿಕ್ಕಿಲ್ಲ."

"ಹಾಗಾದ್ರೆ ಪ್ಲಗ್ ತೆಗೀಲೇಬೇಕಲ್ಲ. ಮತ್ತೆ ಇದೆಂತಕ್ಕೆ?"

ಅಂದಿನಿಂದ ನಾನೂ ಪ್ಲಗ್ ತೆಗೆಯುವವರ ಪಂಗಡಕ್ಕೆ ಸೇರಿದೆ.

ಎಪ್ಪತ್ತು ದಾಟಿದ ಆ ಅಮ್ಮ ಸುಳ್ಯದ ಕಡೆಯವರು. ಮಗನ ಜೊತೆ ಅರೆಭಾಷೆ, ನನ್ನ ಜೊತೆ ಕನ್ನಡ. ಮಗನಿಗೆ ಉಪ್ಪಿನಂಗಡಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಸೊಸೆ ನರ್ಸು. ಹಗಲೆಲ್ಲ ಅಮ್ಮ ಒಬ್ಬರೇ. ಮೂಡಣದ ಗುಡುಗು ನಮಗಿಂತ ಮೊದಲು ಕೇಳುವುದು ಅರಂತೋಡಿನಲ್ಲಿರುವ ಅವರ ತಂಗಿಗೆ. ತಂಗಿಯ ಫೋನು ಬಂದ ಕೂಡಲೇ ಅಮ್ಮ ಜಗಲಿಗೆ ಬಂದು ಕೂಗುತ್ತಿದ್ದರು: "ಮಾಸ್ಟ್ರೇ, ಅರಂತೋಡಿನಲ್ಲಿ ಶುರುವಾಯ್ತಂತೆ! ಚಪ್ಪಲಿ ಹಾಕಿ ಹೊರಡಿ!" ರಬ್ಬರ್ ಚಪ್ಪಲಿ ಹಾಕದೆ ಪ್ಲಗ್ ಮುಟ್ಟಲು ಅವರು ಬಿಡುತ್ತಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಗುಡುಗು ನಮ್ಮ ತಲೆಯ ಮೇಲಿರುತ್ತಿತ್ತು. ಅಷ್ಟರಲ್ಲಿ ನಾನು ಮನೆಮನೆ ಸುತ್ತಿ ಬಂದು ಅವರ ಜಗಲಿಯಲ್ಲಿ ಕುಳಿತರೆ, ಅಮ್ಮ ಚಹಾ ತರುತ್ತಿದ್ದರು. ಮಳೆ ನಿಲ್ಲುವವರೆಗೆ ಮಾತು. ಆ ಎರಡು ತಿಂಗಳಲ್ಲಿ ನಾನು ಆಡುತ್ತಿದ್ದಷ್ಟು ಮಾತನ್ನು ಉಳಿದ ಹತ್ತು ತಿಂಗಳಲ್ಲಿ ಆಡುತ್ತಿರಲಿಲ್ಲ.

ಅವರ ಮನೆಯ ಟಿ.ವಿ. ಪ್ಲಗ್ ಅವರಿಗೆ ಎಟುಕುವಂತಿರಲಿಲ್ಲ. ಬೋರ್ಡು ಗೋಡೆಯ ಮೇಲ್ಭಾಗದಲ್ಲಿತ್ತು, ಸ್ಟೂಲ್ ಹತ್ತಬೇಕು. ಒಮ್ಮೆ ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಮಗ ಸ್ಟೂಲ್ ಮುಟ್ಟಬಾರದೆಂದು ಹೇಳಿದ್ದ. ಹಾಗಾಗಿ ಅದನ್ನೂ ನಾನೇ ತೆಗೆಯುತ್ತಿದ್ದೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ತಂಗಿಯ ಫೋನು ಬರುವಾಗಲೇ ನಮ್ಮ ಆಕಾಶವೂ ಕಪ್ಪಾಗಿತ್ತು. ಸಾಮಾನ್ಯವಾಗಿ ಕೊನೆಗೆ ಹೋಗುತ್ತಿದ್ದ ಎದುರು ಮನೆಗೆ ಅಂದು ಮೊದಲು ಹೋದೆ. ಅಮ್ಮ ತಲೆನೋವೆಂದು ಒಳಕೋಣೆಯಲ್ಲಿ ಮಲಗಲು ಹೊರಟಿದ್ದರು. ಅಲ್ಲಿಂದ ಉಳಿದ ಮನೆಗಳಿಗೆ ಹೋದೆ. ಮೂರನೆಯ ಮನೆಯ ಫ್ರಿಜ್ಜಿನ ಹಿಂದೆ ಬಗ್ಗಿದ್ದಾಗ ಓಣಿಯ ತುದಿಯ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಒಂದು ಕ್ಷಣ ಕೋಣೆಯೆಲ್ಲ ಬೆಳ್ಳಗಾದದ್ದು, ಕಿವಿ ಮುಚ್ಚಿಹೋದದ್ದು ನೆನಪಿದೆ. ಕರೆಂಟು ಹೋಯಿತು. ಓಡಿಬಂದು ಎದುರು ಮನೆಯ ಜಗಲಿಯಿಂದಲೇ ಕೂಗಿದೆ. ಅಮ್ಮ ಕೋಣೆಯಿಂದ, "ಇದ್ದೇನೆ ಮಾರಾಯ್ರೆ, ಸತ್ತಿಲ್ಲ" ಎಂದರು. ಸಮಾಧಾನದಿಂದ ಮನೆಗೆ ಹೋದೆ.

ಸಂಜೆ ಕರೆಂಟು ಬಂದಾಗ ಅವರ ಟಿ.ವಿ. ಆನ್ ಆಗಲಿಲ್ಲ. ಸ್ಪೈಕ್ ಗಾರ್ಡ್ ಸುಟ್ಟು ಕರಿ ಹಿಡಿದಿತ್ತು. ಪ್ಲಗ್ ಗೋಡೆಯ ಬೋರ್ಡಿನಲ್ಲೇ ಇತ್ತು. ಮಗ ನನ್ನನ್ನು ಕರೆದ.

"ಸರ್, ಇವತ್ತು ನಮ್ಮದು ತೆಗ್ದಿದ್ರಲ್ಲ?"

"ತೆಗೆದಿದ್ದೆ."

"ಕೇಬಲ್ ತೆಗ್ದದ್ದುಂಟು. ಪ್ಲಗ್ ಮಾತ್ರ ಹಾಗೇ ಉಂಟು. ನೀವು ಖಂಡಿತ ತೆಗ್ದಿದ್ರಾ?"

"ಖಂಡಿತ. ಸ್ಟೂಲ್ ಹತ್ತಿ ತೆಗೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ."

ಆ ಮಾತಿನ ಪರಿಣಾಮ ನನಗೆ ಆಗ ಹೊಳೆಯಲಿಲ್ಲ. ನಾನು ತೆಗೆದದ್ದು ಹೌದಾದರೆ ಮತ್ತೆ ಹಾಕಿದವರು ಯಾರು? ಮನೆಯಲ್ಲಿದ್ದವರು ಒಬ್ಬರೇ. ಮಗ ತಾಯಿಯ ಕಡೆ ತಿರುಗಿದ. ಮಧ್ಯಾಹ್ನದ ಧಾರಾವಾಹಿ ನೋಡಲು ಸ್ಟೂಲ್ ಹತ್ತಿದೆಯಾ, ಪ್ಲಗ್ ಹಾಕಿ ಕೇಬಲ್ ಹಾಕಲು ಮರೆತೆಯಾ ಎಂದು ಕೇಳಿದ. ಅಮ್ಮ, "ನಾನು ಮಲಗಿದ್ದವಳು, ಪ್ಲಗ್ ಮುಟ್ಟಲೇ ಇಲ್ಲ" ಎಂದರು. ಸೊಸೆ ಜೋರು ಮಾಡಲಿಲ್ಲ. ಮೆಲ್ಲಗೆ, "ಅತ್ತೆಗೆ ಈಗೀಗ ಮರೀತದೆ" ಎಂದಳು.

ಆಮೇಲೆ ಸಾಕ್ಷಿಗಳು ಒಂದೊಂದಾಗಿ ಹುಟ್ಟಿಕೊಂಡವು. ಹಾಲು ಉಕ್ಕಿದ್ದು, ಕನ್ನಡಕ ಹುಡುಕಿದ್ದು, ಒಂದೇ ವಿಷಯ ಎರಡು ಸಲ ಕೇಳಿದ್ದು ಎಲ್ಲವೂ ಮರೆವಿನ ಲಕ್ಷಣವಾಯಿತು. ಒಬ್ಬರೇ ಇರುವಾಗ ಗ್ಯಾಸ್ ಹಚ್ಚಬಾರದೆಂದು ಮಗ ಹೇಳಿದ. ಬೆಳಿಗ್ಗೆ ಹೊರಡುವಾಗ ಸೊಸೆ ಲೈಟರನ್ನು ಎತ್ತರದ ಕಪಾಟಿನಲ್ಲಿಟ್ಟು, ಚಹಾವನ್ನು ಫ್ಲಾಸ್ಕಿನಲ್ಲಿ, ಊಟವನ್ನು ಹಾಟ್‌ಬಾಕ್ಸಿನಲ್ಲಿ ಇಟ್ಟುಹೋಗತೊಡಗಿದಳು. ಮಂಗಳೂರಿನ ಮರೆವಿನ ಡಾಕ್ಟರಿಗೆ ತೋರಿಸುವುದೆಂದೂ ತೀರ್ಮಾನವಾಯಿತು. ಎಲ್ಲವೂ ಕಾಳಜಿಯಿಂದಲೇ. ಬೆಳಿಗ್ಗೆ ಐದೂವರೆಗೆ ಎದ್ದು ಅತ್ತೆಗೆ ಅಡುಗೆ ಮಾಡಿಟ್ಟು ಹೋಗುವವಳನ್ನು ಏನೆಂದು ದೂರುವುದು?

ಮುಂದಿನ ಸಲ ಗುಡುಗಿದಾಗ ನಾನು ಜಗಲಿಗೆ ಹೋದೆ. ಅಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. "ಬೆಳಿಗ್ಗೆದು. ಆಸ್ಪತ್ರೆ ಚಹಾ ಅಂತ ತಿಳ್ಕೊಂಡು ಕುಡೀರಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅಂದು ಮನೆಗೆ ಬಂದವನೇ ನನ್ನ ನೆನಪನ್ನು ಪರೀಕ್ಷಿಸಲು ಕುಳಿತೆ. ಸಿಡಿಲಿನ ದಿನ ನಾನು ಏನು ಮಾಡಿದೆ? ಬಾಗಿಲಲ್ಲಿ ಚಾಪೆ. ಚಾಪೆಯ ಮೇಲೆ ಫ್ಯಾನಿನ ಅಡಿ ಒಣಗಲು ಹರಡಿದ ಹಲಸಿನ ಹಪ್ಪಳ. ಅದನ್ನು ತುಳಿಯದಂತೆ ಕಾಲು ಎತ್ತಿಟ್ಟು, ಸ್ಟೂಲ್ ಎಳೆದು, ಹತ್ತಿ, ಪ್ಲಗ್ ಕಿತ್ತೆ. ಅದು ಸ್ವಲ್ಪ ಬಿಗಿ ಇತ್ತು. ಎಷ್ಟು ಸ್ಪಷ್ಟ! ಮಗನಿಗೆ ಹೇಳುವಾಗ ಕಣ್ಣಿಗೆ ಕಟ್ಟಿದ್ದು ಇದೇ.

ಆದರೆ ಹಪ್ಪಳ? ಮರುದಿನ ಸುಮ್ಮನೆ ಎಂಬಂತೆ ಅಮ್ಮನನ್ನು ಕೇಳಿದೆ, ಈ ವರ್ಷ ಹಪ್ಪಳ ಯಾವಾಗ ಮಾಡಿದ್ದೆಂದು.

"ವಿಷುವಿನ ವಾರದಲ್ಲಿ. ಒಂದೇ ಸಲ ಮಾಡಿದ್ದು. ನಿಮಗೂ ಕೊಟ್ಟಿದ್ದೆನಲ್ಲ, ಮುಗೀತಾ ಇಷ್ಟು ಬೇಗ?"

ವಿಷು ಏಪ್ರಿಲ್ ನಡುವಿಗೆ. ಸಿಡಿಲು ಬಡಿದದ್ದು ಮೇ ತಿಂಗಳ ಮೂರನೆಯ ವಾರ. ಅಂದರೆ ನನ್ನ ಕಣ್ಣಿಗೆ ಕಟ್ಟಿದ್ದು ಬೇರೆ ಯಾವುದೋ ದಿನ. ಹತ್ತಾರು ಸಲ ಮಾಡಿದ ಒಂದೇ ಕೆಲಸದಲ್ಲಿ ಒಂದು ಸಲದ್ದನ್ನು ಎತ್ತಿ ಬೇಕಾದ ದಿನಕ್ಕೆ ಅಂಟಿಸಿದ್ದೆ. ಸಿಡಿಲಿನ ದಿನದ್ದೆಂದು ನಿಜಕ್ಕೂ ನೆನಪಿದ್ದದ್ದು ಏನು? ಅಮ್ಮ ತಲೆ ಹಿಡಿದುಕೊಂಡು ಒಳಗೆ ಹೋದದ್ದು, ನಾನು ಡಿಶ್ ಕೇಬಲ್ ತಿರುಗಿಸುತ್ತಿದ್ದದ್ದು, ಅಷ್ಟರಲ್ಲಿ ದೊಡ್ಡದಾಗಿ ಗುಡುಗಿದ್ದು. ಅದಾದ ಮೇಲೆ ನಾನು ಓಣಿಯಲ್ಲಿ ಓಡುತ್ತಿದ್ದೇನೆ. ನಡುವೆ ಸ್ಟೂಲ್ ಇಲ್ಲ.

ಇಲ್ಲ ಎಂದ ಮಾತ್ರಕ್ಕೆ ಹತ್ತಲಿಲ್ಲವೆಂದೂ ಸಾಬೀತಾಗುವುದಿಲ್ಲ. ಆದರೆ ನನ್ನ ಆ "ಖಂಡಿತ" ಎಂಬ ಮಾತಿಗೆ ಬುಡವಿರಲಿಲ್ಲ. ಆ ಒಂದು ಮಾತಿನಿಂದ ಒಬ್ಬರ ಒಲೆ ಆರಿತ್ತು.

ಎರಡು ದಿನ ಪ್ರೂಫಿನ ಮೇಲೆ ಕಣ್ಣು ನಿಲ್ಲಲಿಲ್ಲ. ಮೂರನೆಯ ದಿನ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದರು.

"ಬಿಡಿ ಮಾಸ್ಟ್ರೇ. ನಾನೇ ಹಾಕಿದ್ದಿರ್ಬೇಕು."

"ನೀವು ಮಲಗಿದ್ದಿರಿ ಅಲ್ವಾ?"

"ಮಲಗಿದ್ದೆ ಅಂತ ನನಗೆ ಕಾಣುದು. ಎಲ್ಲರೂ ಹೇಳುವಾಗ ಸ್ಟೂಲ್ ಹತ್ತಿದ ಹಾಗೂ ಕಾಣ್ತದೆ. ಹೊರಗೆ ಮಳೆ ಸುರೀತಾ ಇತ್ತು, ನಾನು ಹತ್ತಿದ್ದೆ, ಕಾಲು ನಡುಗ್ತಾ ಇತ್ತು."

"ಸಿಡಿಲು ಬಡಿಯುವವರೆಗೆ ಮಳೆ ಬಂದೇ ಇಲ್ಲ ಅಮ್ಮ. ನನ್ನ ಬಟ್ಟೆ ಟೆರೇಸಿನಲ್ಲಿತ್ತು, ಆಮೇಲೆ ಹೋಗಿ ಒಣಗಿದ್ದನ್ನೇ ತಂದದ್ದು."

ಅವರ ಕೈ ನಿಂತಿತು. "ನೀವು ಇದನ್ನು ಅವನ ಹತ್ತಿರ ಹೇಳ್ಲಿಕ್ಕೆ ಹೋಗ್ಬೇಡಿ" ಎಂದರು.

"ಯಾಕೆ?"

"ನನಗಾದ್ರೆ ಮಗ ಉಂಟು, ಸೊಸೆ ಉಂಟು. ಬೈದಾದ್ರೂ ಊಟ ಹಾಕ್ತಾರೆ. ನಿಮ್ಮ ಮೇಲೆ ಬಂದ್ರೆ ಈ ಓಣಿಯಲ್ಲಿ ನಿಮ್ಮನ್ನು ಕರೆಯುವವರು ಯಾರು? ಎರಡು ಮಾತಾಡ್ಲಿಕ್ಕೆ ಜನ ಬೇಡ್ವಾ ನಿಮಗೆ?"

ನನ್ನ ಒಂಟಿತನದ ಬಗ್ಗೆ ಯಾರಾದರೂ ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು. ಅದು ಹೊರಗೆ ಕಾಣುತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ. ಅವರು ಬೆಳ್ಳುಳ್ಳಿ ಸಿಪ್ಪೆಗಳನ್ನು ಊದಿ ಒಂದು ಕಡೆ ಮಾಡಿದರು. ನಾನು ಎದ್ದುಬಂದೆ.

ಭಾನುವಾರ ಮಗ ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದ. ಮಹಡಿಯ ಮೆಟ್ಟಿಲಿಳಿಯುವಾಗಲೇ ನಾನು ವಾಕ್ಯವೊಂದನ್ನು ಸಿದ್ಧ ಮಾಡಿಕೊಂಡಿದ್ದೆ: ನಾನು ತೆಗೆದೆನೋ ಇಲ್ಲವೋ ಎಂದು ಖಚಿತವಾಗಿ ಹೇಳಲಾರೆ. ನಿಜ ಅಷ್ಟೇ. ನಾಲ್ಕು ಕಾಲೇಜುಗಳಲ್ಲಿ ನಾನು ಮಕ್ಕಳಿಗೆ ಕಲಿಸಿದ್ದೂ ಅಷ್ಟೇ: ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬೇಡಿ. ಆದರೆ ಆ ವಾಕ್ಯ ಹೇಳಿದರೆ ಮಗ, "ಹಾಗಾದ್ರೆ ಅವ್ವನೂ ಹಾಕಿರಬಹುದಲ್ಲ" ಎನ್ನುತ್ತಿದ್ದ. ಮಂಗಳೂರಿನ ಡಾಕ್ಟರಿಗೆ ತೋರಿಸುವ ಮಾತು ಹಾಗೇ ಉಳಿಯುತ್ತಿತ್ತು.

"ಆ ದಿನ ನಾನು ಪ್ಲಗ್ ತೆಗೆಯಲಿಲ್ಲ" ಎಂದೆ. "ಕೇಬಲ್ ಬಿಚ್ಚಿ ಓಡಿದೆ. ಚೆನ್ನಾಗಿ ನೆನಪಿದೆ. ನೀವು ಕೇಳಿದಾಗ ಹೇಳಲು ನಾಚಿಕೆಯಾಯಿತು."

ಅವನು ಪೈಪು ಕೆಳಗಿಟ್ಟ. ನೀರು ಹರಿಯುತ್ತಲೇ ಇತ್ತು.

"ಎಂತ ಸರ್ ಇದು. ಟಿ.ವಿ. ಹಾಳಾಗ್ಲಿ, ಅದು ದೊಡ್ಡದಲ್ಲ. ಅವ್ವನಿಗೆ ನಾನು ಎಷ್ಟು ಹೇಳಿದೆ ಗೊತ್ತುಂಟಾ? ಮೊದಲೇ ಹೇಳ್ಬಹುದಿತ್ತಲ್ಲ?"

"ಹೌದು. ಹೇಳಬೇಕಿತ್ತು."

ಒಳಗಿನಿಂದ ಅಮ್ಮ ಬಾಗಿಲಿಗೆ ಬಂದು ನಿಂತಿದ್ದರು. ನನ್ನನ್ನೇ ನೋಡಿದರು.

ಲೈಟರ್ ಕಪಾಟಿನಿಂದ ಕೆಳಗೆ ಬಂತು. ಡಾಕ್ಟರ ವಿಷಯ ಬಿದ್ದುಹೋಯಿತು. ಮಗ ಟಿ.ವಿ. ರಿಪೇರಿ ಮಾಡಿಸಿ, ಅಂಗಡಿಯಿಂದಲೇ ಸಾಮಾನು ತಂದು ಟಿ.ವಿ. ಬೋರ್ಡನ್ನು ಸೊಂಟದೆತ್ತರಕ್ಕೆ ಇಳಿಸಿದ; ಇನ್ನು ಅವ್ವನೇ ತೆಗೆಯಲಿ ಎಂದ. ಸುದ್ದಿ ಓಣಿಯಲ್ಲಿ ಹರಡಿತು. ಬ್ಯಾಂಕಿನವರು ಊರಿನಿಂದ ನೆಂಟರು ಬರುತ್ತಾರೆಂದು ಬೀಗದ ಕೈ ಕೇಳಿ ತೆಗೆದುಕೊಂಡರು. ಶಾಲೆಯವರು ಕಾರಣ ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ಕೋರ್ಟಿನವರು ಮೇನ್ ಸ್ವಿಚ್ ಹತ್ತಿರ ಹೊಸತೇನೋ ಹಾಕಿಸಿದ್ದೇವೆ, ಇನ್ನು ಪ್ಲಗ್ ತೆಗೆಯಬೇಕಾಗಿಲ್ಲ ಎಂದರು. ಅದು ಹಾಗಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಕೇಳುವ ಮುಖವಿರಲಿಲ್ಲ.

ಅದರ ನಂತರದ ಮೊದಲ ಗುಡುಗಿಗೆ ನಾನು ನನ್ನ ಕೋಣೆಯ ಪ್ಲಗ್‌ಗಳನ್ನು ಕಿತ್ತು ಕಿಟಕಿಯ ಹತ್ತಿರ ಕುಳಿತಿದ್ದೆ. ಎದುರು ಮನೆಯ ಕಿಟಕಿಯಲ್ಲಿ ಅಮ್ಮ ಕಾಣಿಸಿಕೊಂಡರು. ಕಿತ್ತ ಪ್ಲಗ್ಗನ್ನು ವೈರಿನ ಸಮೇತ ಎತ್ತಿ ಹಿಡಿದು ಅಲ್ಲಿಂದಲೇ ಕೂಗಿದರು.

"ತೆಗ್ದೆ ಮಾಸ್ಟ್ರೇ! ನೋಡಿದ್ರಲ್ಲ? ನಾಳೆ ಕೇಳಿದ್ರೆ ಹೇಳ್ಬೇಕು ನೀವು!"

"ನೋಡಿದೆ!" ಎಂದು ಕೂಗಿದೆ.

ಮಳೆ ಅಡ್ಡಡ್ಡ ಹೊಡೆಯತೊಡಗಿತು. ಅವರು ಕಿಟಕಿ ಮುಚ್ಚಿಕೊಂಡರು. ನಾನು ಕೈಯಲ್ಲಿದ್ದ ಪ್ರೂಫಿನ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು ಬರೆದೆ, ಗಡಿಯಾರ ನೋಡಿ ಸಮಯ ಬರೆದೆ, ಅದರ ಕೆಳಗೆ "ತೆಗೆದದ್ದು ನೋಡಿದ್ದೇನೆ" ಎಂದು ಬರೆದೆ.