ಸಿಮೋನಪ್ಪನ ಮನೆಯ ರೊಟ್ಟಿ

ಸ್ನೇಹಾ, ಕೆವಿನ್, ಇದನ್ನು ಊಟಕ್ಕೆ ಮುಂಚೆ ಓದಬೇಡಿ. ನಮ್ಮ ಮನೆಯ ಕಕ್ಕಸು ಗುಂಡಿಯನ್ನು ಖಾಲಿ ಮಾಡಲು ಟ್ಯಾಂಕರ್ ತರುತ್ತಿದ್ದ ಸಿಮೋನಪ್ಪನ ವಿಷಯ ಬರೆಯುತ್ತಿದ್ದೇನೆ. ನಿಮಗೆ ಅವನ ಮುಖ ನೆನಪಿರಲಾರದು. ಅವನ ಗಾಡಿ ಬೀದಿಗೆ ತಿರುಗಿದ ಕೂಡಲೇ ನೀವಿಬ್ಬರೂ ಮೂಗು ಹಿಡಿದುಕೊಂಡು ಮಹಡಿಗೆ ಓಡುತ್ತಿದ್ದಿರಿ.

ಗುಂಡಿಯ ಚಪ್ಪಡಿಯನ್ನು ಹಾರೆಯಿಂದ ಮೀಟಿ ಸರಿಸಿದ ಮೇಲೆ ಅವನು ಒಂದು ಗಳಿಗೆ ಬಗ್ಗಿ ನೋಡುತ್ತಿದ್ದ, ಬಾವಿಯಲ್ಲಿ ನೀರೆಷ್ಟಿದೆ ಎಂದು ನೋಡುವವರ ಹಾಗೆ. ಮೂಗಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ನೋಡಿ, ತಲೆ ಎತ್ತಿ, ಮನೆಯವರ ಸಮಾಚಾರವನ್ನು ಮನೆಯವರಿಗೇ ಹೇಳುತ್ತಿದ್ದ.

“ನೆಂಟ್ರು ಬಂದಿದ್ರೇನ್ರಿ ಅವ್ವಾರ? ಎಣ್ಣಿ ಪದಾರ್ಥ ಭಾಳ ಆಗೇತಿ.”

ಒಂದು ಸಲ ಅವನು ನಗಲಿಲ್ಲ. “ಮನ್ಯಾಗ ಯಾರಿಗೋ ಆರಾಮಿಲ್ಲಲ್ರಿ. ಔಷಧದ ವಾಸನಿ ಐತಿ” ಎಂದ. ನಿಮ್ಮ ತಾತನಿಗೆ ಮೂತ್ರಪಿಂಡ ಕೆಟ್ಟಿದ್ದನ್ನು ಆಗ ನಾವು ಪಕ್ಕದ ಮನೆಯವರಿಗೂ ಹೇಳಿರಲಿಲ್ಲ. ನಾನು ಬಾಗಿಲ ಹಿಂದೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದೆ. ಉತ್ತರ ಕೊಡಲು ಬಾಯಿ ತೆರೆದರೆ ಆ ನಾತ ಒಳಗೆ ಹೋಗುತ್ತದೆ ಎಂದು ಸುಮ್ಮನಿದ್ದೆ.

ಅವನದು ರಾಯಚೂರಿನ ಕಡೆ, ಮುದಗಲ್ಲಿನ ಹತ್ತಿರದ ಹಳ್ಳಿ. ಮುತ್ತಾತನ ಕಾಲದಿಂದ ಕ್ರೈಸ್ತರು. ಅವನು ಶಾಂತಿ ಎಂದು ಕರೆಯುತ್ತಿದ್ದ ಹೆಂಡತಿ ಶಾಂತವ್ವನ ಜೊತೆ ಗಾರೆ ಕೆಲಸಕ್ಕೆಂದು ನಮ್ಮ ಜಿಗಣಿಗೆ ಬಂದವನು, ಆಮೇಲೆ ಟ್ಯಾಂಕರ್ ಓಡಿಸಲು ಸೇರಿಕೊಂಡ. ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳ ಹಿಂದೆ ತಗಡಿನ ಸೂರಿನ ರೂಮುಗಳ ಸಾಲಿದೆಯಲ್ಲ, ಅದರಲ್ಲಿ ಕೊನೆಯದು ಅವನದು. ಸಾಧುಪುರುಷನೇನೂ ಅಲ್ಲ. ಗುಟ್ಕಾ ಅಗಿದು ನಮ್ಮ ದಾಸವಾಳದ ಬುಡಕ್ಕೆ ಉಗಿಯುತ್ತಿದ್ದ. ಬೇಡವೆಂದರೆ “ಗೊಬ್ರ ಆತದ್ರಿ” ಎನ್ನುತ್ತಿದ್ದ. ಪಿಸುಮಾತು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ, ನಾವು ಆಗಮನ ಕಾಲ ಎನ್ನುವ ದಿನಗಳು, ಅವನಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಪ್ರಭುವಿನ ಬರವಿಗೆ ಕಾಯುತ್ತಾ ಮನಸ್ಸನ್ನು ಚೊಕ್ಕ ಮಾಡಿಕೊಳ್ಳಿ ಎಂದು ದೇವಾಲಯದಲ್ಲಿ ನೇರಳೆ ಬಟ್ಟೆ ಕಟ್ಟಿ ಹೇಳುತ್ತಾರೆ. ಮನೆಗಳಲ್ಲಿ ಸುಣ್ಣ ಹೊಡೆಯುತ್ತಾರೆ, ಪರದೆ ಒಗೆಯುತ್ತಾರೆ, ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತಾರೆ, ಹೊಸ ನಕ್ಷತ್ರ ತರುತ್ತಾರೆ. ಆಮೇಲೆ ಯಾರಿಗೋ ನೆನಪಾಗುತ್ತದೆ, ಹಬ್ಬಕ್ಕೆ ಹದಿನೈದು ಜನ ನೆಂಟರು ಬಂದರೆ ಗುಂಡಿ ತುಂಬಿ ಅಂಗಳಕ್ಕೆ ಬರುತ್ತದೆ ಎಂದು. ನಮ್ಮ ಕಡೆ ಇಷ್ಟು ಅಪಾರ್ಟ್‌ಮೆಂಟ್ ಎದ್ದರೂ ಒಳಚರಂಡಿ ಬಂದಿಲ್ಲ.

“ಎಲ್ಲಾರೂ ಮ್ಯಾಲ ಸುಣ್ಣ ಹೊಡಿತಾರ್ರಿ. ಕೆಳಗಿಂದು ನನ್ನ ಪಾಲಿಗೆ” ಎನ್ನುತ್ತಿದ್ದ ಸಿಮೋನಪ್ಪ.

ಭಾನುವಾರ ಅವನು ಪೂಜೆಗೆ ಬರುವಾಗ ನೋಡಬೇಕಿತ್ತು. ಕೆಂಪು ಸೋಪು ಹಾಕಿ ಮೂರು ಸಲ ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು ಬರುತ್ತಿದ್ದ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅವನು ಕೂತರೆ ಆ ಬೆಂಚಿನ ಮಿಕ್ಕವರು ಒಬ್ಬೊಬ್ಬರಾಗಿ ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ನಮ್ಮ ಚರ್ಚಿನ ವಾರ್ಡಿನ ಮುಖ್ಯಸ್ಥೆ ಸ್ಟೆಲ್ಲಾ ಮೇಡಂ ಒಂದು ಭಾನುವಾರ ಪೂಜೆ ಮುಗಿದ ಕೂಡಲೇ ಕೈಚೀಲದಿಂದ ಮಲ್ಲಿಗೆ ವಾಸನೆಯ ಸ್ಪ್ರೇ ತೆಗೆದು ಆ ಬೆಂಚಿಗೆ ಹೊಡೆದರು. ಅವನು ಇನ್ನೂ ಬಾಗಿಲು ದಾಟಿರಲಿಲ್ಲ. ಸುತ್ತಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ಅವನ ಮೈಯಿಂದ ಸೋಪು ಮತ್ತು ಅತ್ತರಿನ ಹೊರತು ಬೇರೆ ವಾಸನೆ ಬರುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಪೂಜೆಯಲ್ಲಿ ಒಬ್ಬರಿಗೊಬ್ಬರು ಸಮಾಧಾನ ಕೋರುವ ಗಳಿಗೆ ಬಂದಾಗ ಅವನು ನಾಲ್ಕು ದಿಕ್ಕಿಗೂ ತಿರುಗಿ ಕೈ ಮುಗಿಯುತ್ತಿದ್ದ. “ಬ್ಯಾರೆ ದೇಶದಾಗ ಕೈ ಕುಲುಕ್ತಾರಂತ್ರಿ. ನಮ್ಮದು ಚಲೋ, ಮುಗದ್ರ ಸಾಕು. ಯಾರಿಗೂ ತೊಂದ್ರಿ ಇಲ್ಲ” ಎಂದು ಒಮ್ಮೆ ನನಗೆ ಹೇಳಿದ. ನಿಮ್ಮ ತಾತನ ಮಣ್ಣಿನ ದಿನವೂ ಸ್ಮಶಾನದ ಗೇಟಿನ ಹೊರಗೇ ನಿಂತಿದ್ದ. ಎಲ್ಲರೂ ಹೊರಟ ಮೇಲೆ ಒಳಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದನೆಂದು ಗುಂಡಿ ತೋಡುವವನು ಆಮೇಲೆ ಹೇಳಿದ.

ಸ್ಟೆಲ್ಲಾ ಮೇಡಂಗೆ ಅವನ ಮೇಲೆ ಹಗೆ ಹುಟ್ಟಿದ್ದು ಒಂದು ವರ್ಷದ ಆಗಮನ ಕಾಲದ ಮೊದಲನೇ ಭಾನುವಾರ. ಹೆಂಗಸರೆಲ್ಲ ದೇವಾಲಯದ ಮೆಟ್ಟಿಲ ಮೇಲೆ ನಿಂತು ಮಾತನಾಡುತ್ತಿದ್ದೆವು. ಸಿಮೋನಪ್ಪ ಕೆಳಗಿನಿಂದ, ತನ್ನ ಆ ಗಂಟಲಿನಲ್ಲಿ, ಒಳ್ಳೆಯ ಮನಸ್ಸಿನಿಂದಲೇ ಕೂಗಿದ. “ಮೇಡಮ್ಮಾರ, ನಿಮ್ಮ ಗುಂಡಿ ಯಾಕ ಲಗೂನ ತುಂಬ್ತದ ಅಂತ ಕೇಳಿದ್ರೆಲ್ಲ, ಸಿಕ್ತ್ರಿ ಕಾರಣ. ಮಕ್ಕಳ ಕುಂಡಿ ಒರಸೂ ಕಾಗದಾ ಅದ್ರಾಗ ಹಾಕ್ತೀರಿ. ಅವು ಕರಗಂಗಿಲ್ಲ. ಎರಡ್ ಬುಟ್ಟಿ ತಗದೇನಿ.”

ಮೇಡಂ ಬಣ್ಣಗೆಟ್ಟರು. ಒಬ್ಬಾಕೆ ಕೆಮ್ಮಿನ ನೆಪದಲ್ಲಿ ನಕ್ಕಳು. “ನಾನ್ಸೆನ್ಸ್” ಎಂದು ಮೇಡಂ ಕಾರು ಹತ್ತಿದರು. ಸಿಮೋನಪ್ಪ ನನ್ನ ಕಡೆ ತಿರುಗಿ, “ಯಾಕ್ರಿ, ಖರೇನ ಹೇಳೇನಿ” ಎಂದ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಬೆತ್ಲೆಹೇಮಿನಲ್ಲಿ ಬಸುರಿ ಮರಿಯಮ್ಮನವರಿಗೂ ಜೋಸೆಫರಿಗೂ ಯಾರೂ ಮನೆಯೊಳಗೆ ಜಾಗ ಕೊಡಲಿಲ್ಲ. ನಾವಾದರೂ ಕೊಡೋಣ ಎಂದು ನಮ್ಮ ವಾರ್ಡಿನಲ್ಲಿ ಡಿಸೆಂಬರಿನಲ್ಲಿ ಹಬ್ಬದವರೆಗೆ ದಿನವೂ ಅವರಿಬ್ಬರ ಪ್ರತಿಮೆಗಳಿರುವ ಗಾಜಿನ ಪೆಟ್ಟಿಗೆಯನ್ನು ಮನೆಯಿಂದ ಮನೆಗೆ ಒಯ್ಯುತ್ತೇವೆ. ಒಂದು ಮನೆಯಲ್ಲಿ ಒಂದು ದಿನ. ಸಂಜೆ ಆ ಮನೆಯವರು ಮುಂದಿನ ಮನೆಗೆ ತಲುಪಿಸಬೇಕು. ಜೊತೆಗೆ ವಾರ್ಡಿನವರೆಲ್ಲ ಹಾಡುತ್ತಾ ಹೋಗಿ ಅಲ್ಲಿ ಜಪಸರ ಹೇಳಬೇಕು. ಹಬ್ಬದ ಹಿಂದಿನ ಸಂಜೆ ಪೆಟ್ಟಿಗೆ ದೇವಾಲಯಕ್ಕೆ ಮರಳುತ್ತದೆ. ಯಾವ ದಿನ ಯಾರ ಮನೆ ಎಂಬ ಪಟ್ಟಿ ಬರೆಯುವುದು ನನ್ನ ಕೆಲಸ. ಏಳನೇ ತರಗತಿಯವರೆಗೆ ಓದಿದವಳಾದರೂ ನನ್ನ ಅಕ್ಷರ ದುಂಡಗಿದೆ ಎಂದು ಮೇಡಂ ಅದನ್ನು ನನಗೆ ವಹಿಸಿದ್ದರು.

ಆ ವರ್ಷ ಸಿಮೋನಪ್ಪ ನಮ್ಮ ಗೇಟಿಗೆ ಬಂದು ಕೇಳಿದ. “ಅವ್ವಾರ, ಆರು ವರ್ಷಾತು ನಾವು ಇಲ್ಲಿಗೆ ಬಂದು. ಮಾತಾಯಿ ಮರಿಯಮ್ಮ ಒಮ್ಮೇನೂ ನಮ್ಮ ಕಡೆ ಬಂದಿಲ್ಲ. ಶಾಂತಿ ದಿನಾ ಕೇಳ್ತಾಳ. ಒಂದಿನಾ ಬರೀರಿ.” ನಾನು ಇಪ್ಪತ್ತಮೂರನೆಯ ತಾರೀಖಿಗೆ, ನಮ್ಮ ಮನೆಯ ನಂತರ, ಅವನ ಹೆಸರು ಬರೆದೆ. ಅದನ್ನು ಧೈರ್ಯ ಎಂದು ತಿಳಿದುಕೊಂಡು ಎರಡು ದಿನ ಹೆಮ್ಮೆಪಟ್ಟೆ.

ಇಪ್ಪತ್ತಮೂರರ ಮಧ್ಯಾಹ್ನ ಮೇಡಂ ಫೋನ್ ಮಾಡಿದರು. “ನೋಡಿ ಫಿಲೋಮಿನಮ್ಮ, ಆ ಶೆಡ್ ಏರಿಯಾಗೆ ಇಷ್ಟು ಜನ ಲೇಡೀಸ್ ಹೋಗೋಕಾಗುತ್ತಾ? ಅವನು ಆ ಕೈಯಲ್ಲಿ ಗ್ಲಾಸ್ ಬಾಕ್ಸ್ ಮುಟ್ತಾನೆ ಅಂದ್ರೇನೇ ನಂಗೆ ವಾಂತಿ ಬರುತ್ತೆ. ಇನ್ನೊಂದಿನ ನಿಮ್ಮನೇಲೇ ಇರ್ಲಿ ಬಿಡಿ. ಯಾರು ಕೇಳ್ತಾರೆ?”

“ಆಯ್ತು ಮೇಡಂ” ಎಂದೆ.

ಅಷ್ಟೇ. ಆ ಸಂಜೆ ಯಾರೂ ಬರಲಿಲ್ಲ, ಪೆಟ್ಟಿಗೆ ನಮ್ಮ ನಡುಮನೆಯಲ್ಲೇ ಕೂತಿತ್ತು. ನಾನು ಕಜ್ಜಾಯದ ಪಾಕ ಕಾಸಿದೆ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕಜ್ಜಾಯ ಕರಿಯುತ್ತಾ, ಮುರಿದುಹೋದ ಒಂದನ್ನು ಬಾಯಿಗೆ ಹಾಕಿಕೊಂಡಿದ್ದೆ. ಗೇಟು ಸದ್ದಾಯಿತು. ಕೈಯಲ್ಲಿ ಇನ್ನರ್ಧ ಕಜ್ಜಾಯ ಹಿಡಿದೇ ಹೊರಗೆ ಬಂದೆ. ಸಿಮೋನಪ್ಪ ನಿಂತಿದ್ದ.

“ಅವ್ವಾರ, ಮಾತಾಯಿ ದಾರಿ ತಪ್ಪಿದಳೇನ್ರಿ?” ನಗುತ್ತಲೇ ಕೇಳಿದ. “ಶಾಂತಿ ಇಪ್ಪತ್ತು ಮಂದಿಗೆ ಚಾ ಮಾಡಿಟ್ಟಿದ್ಲು. ಬಾಜೂ ರೂಮಿನ ಹಣಮವ್ವ, ನಮ್ಮ ಮತದಾಕಿ ಅಲ್ಲದಾಕಿ, ಮಾಲಿ ಕಟ್ಟಿದ್ಲು. ಕುಂತೇ ಕುಂತ್ವಿ.”

“ನನಗೆ ಜ್ವರ ಬಂದಿತ್ತು” ಎಂದೆ.

ಅವನು ನನ್ನ ಕೈಯಲ್ಲಿದ್ದ ಕಜ್ಜಾಯ ನೋಡಿದ. “ಆರಾಮಾಗ್ರಿ” ಎಂದು ಹೊರಟುಹೋದ. ಕೆವಿನ್, ಆಗ ನಿನಗೆ ಆರು ವರ್ಷ. ನನ್ನ ಸೆರಗು ಹಿಡಿದುಕೊಂಡು ನೀನು ಕೇಳಿದೆ, “ಅಜ್ಜಿ, ನಿಂಗೆ ಯಾವಾಗ ಜ್ವರ ಬಂತು?” ನಾನು ನಿನ್ನನ್ನು ಗದರಿ ಒಳಗೆ ಕಳಿಸಿದೆ. ಬಾಯಲ್ಲಿದ್ದ ಬೆಲ್ಲ ಕಹಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಹಿಯಾಗಿಯೇ ಇತ್ತು, ನಾನು ಅದನ್ನು ತಿಂದು ಮುಗಿಸಿದೆ. ಆಮೇಲೆ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಮಧ್ಯಾಹ್ನ ಪೆಟ್ಟಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಹೇಳದೆ, ಒಬ್ಬಳೇ ಹೊರಟೆ. ಸಂಜೆಯೊಳಗೆ ದೇವಾಲಯಕ್ಕೆ ಮುಟ್ಟಿಸಿದರಾಯಿತು, ಅಲ್ಲಿಯವರೆಗೆ ಒಂದೆರಡು ಗಂಟೆಯಾದರೂ ಅವರ ಮನೆಯಲ್ಲಿರಲಿ ಎಂದುಕೊಂಡೆ. ಕಲ್ಲು ಕೊಯ್ದ ಬಿಳಿ ರಾಡಿ ರಸ್ತೆಗೆ ಹರಿದಿತ್ತು. ಮೋರಿಯ ನೊರೆ ಗಾಳಿಗೆ ಎದ್ದು ಸೀರೆಗೆ ಹತ್ತುತ್ತಿತ್ತು. ಉಸಿರು ಬಿಗಿಹಿಡಿದು ನಡೆದೆ.

ಶಾಂತವ್ವ ನನ್ನನ್ನು ನೋಡಿ ಕೈಲಿದ್ದ ಹಿಟ್ಟನ್ನು ಒರೆಸಿಕೊಳ್ಳುವುದನ್ನೂ ಮರೆತು ಓಡಿ ಬಂದಳು. ಗಾಜಿಗೆ ಎರಡು ಬೆರಳು ತಾಗಿಸಿ ಕಣ್ಣಿಗೆ ಒತ್ತಿಕೊಂಡಳು. ರೂಮು ನಮ್ಮ ಮನೆಗಿಂತ ಚೊಕ್ಕವಾಗಿತ್ತು. ಟ್ರಂಕಿನ ಮೇಲೆ ಹೊಸ ಸೀರೆ ಹಾಸಿ, ಹಿಂದಿನ ದಿನದ ಬಾಡಿದ ಮಾಲೆಯನ್ನು ಹಾಗೇ ಇಟ್ಟಿದ್ದರು. ನಾನು ಪೆಟ್ಟಿಗೆ ಇಡಲು ಹೋದಾಗ ಸಿಮೋನಪ್ಪ ತಡೆದ.

“ಒಬ್ರೇ ಬಂದ್ರೇನ್ರಿ?”

“ಹ್ಞೂಂ. ಬೇರೆಯವ್ರಿಗೆ ಕೆಲಸ ಇತ್ತು.”

“ಇರ್ಲಿ ಬಿಡ್ರಿ. ನಮ್ಮೂರಾಗ ಒಂದು ಪದ್ಧತಿ ಐತಿ. ಮಾತಾಯಿನ್ನ ಕರ್ಕೊಂಡು ಬಂದವ್ರು ಮದ್ಲ ಆ ಮನ್ಯಾಗ ಉಣ್ಣಬೇಕು. ಉಂಡ ಮ್ಯಾಲ ಮಾತಾಯಿನ್ನ ಕೆಳಗ ಇಡೂದು. ಮಾತಾಯಿ ಉಣ್ಣಂಗಿಲ್ಲಲ್ರಿ, ಆಕಿ ಪಾಲು ಅವ್ರು ಉಣ್ಣಬೇಕು. ಕೂಡ್ರಿ.”

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚಾಪೆಯ ಮೇಲೆ ಕೂತೆ. ಅವನು ನನ್ನ ಎದುರಿಗೇ ಎರಡು ಸಲ ಸೋಪು ಹಾಕಿ ಕೈ ತೊಳೆದ. ಶಾಲೆಯಲ್ಲಿ ಮೇಷ್ಟರಿಗೆ ತೋರಿಸುವ ಮಕ್ಕಳ ಹಾಗೆ ಎರಡೂ ಅಂಗೈ ನನ್ನತ್ತ ಹಿಡಿದ. ಆಮೇಲೆ ಫಳಫಳ ಹೊಳೆಯುವ ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತನ್ನ ಕೈಯಾರೆ ಬಡಿಸಿ ನನ್ನ ಮುಂದಿಟ್ಟ.

ಅವನ ಉಗುರಿನಲ್ಲಿ ಏನೂ ಇರಲಿಲ್ಲ. ಆದರೂ ನನ್ನ ಕಣ್ಣು ಅಲ್ಲಿ ಹುಡುಕುತ್ತಿತ್ತು. ನಮ್ಮಲ್ಲಿ ಮೇಲು ಕೀಳು ಇಲ್ಲ ಎಂದು ಫಾದರ್ ಹೇಳುತ್ತಾರೆ. ತಲೆ ಅದನ್ನು ಒಪ್ಪುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ರೊಟ್ಟಿಯ ತುದಿ ಮುರಿದೆ. ಚಪ್ಪಡಿ ಸರಿಸಿ ಅವನು ಬಗ್ಗಿ ನೋಡುವುದು ಕಣ್ಣಿಗೆ ಕಟ್ಟಿತು. ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ.

“ಇವತ್ತು ಹಬ್ಬದ ಹಿಂದಿನ ದಿನ ಅಲ್ವಾ” ಎಂದೆ. “ನಾನು ಉಪವಾಸ.”

ಶಾಂತವ್ವ ಮೆಲ್ಲಗೆ, “ಒಂದ್ ತುತ್ತರ, ಅವ್ವಾ” ಎಂದಳು.

“ಬಿಡು ಶಾಂತಿ. ಉಪವಾಸ ಅಂದವ್ರಿಗೆ ಒತ್ತಾಯ ಮಾಡಬಾರದು.” ಸಿಮೋನಪ್ಪ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಗುಂಡಿಯೊಳಗೆ ನೋಡಿ ಮನೆಯ ಸಮಾಚಾರ ಹೇಳುವಾಗ ಇರುತ್ತಿದ್ದ ಮುಖವೇ ಇತ್ತು. “ನೀವು ಉಪವಾಸ ಇದ್ರ ಮಾತಾಯಿಗೂ ಇವತ್ತು ಉಪವಾಸನ ಆತ್ರಿ. ಕರ್ಕೊಂಡು ಹೋಗ್ರಿ.”

ನಾನು ಎದ್ದೆ. ಪೆಟ್ಟಿಗೆ ಕೆಳಗೆ ಇಳಿಯಲೇ ಇಲ್ಲ. ಶಾಂತವ್ವ ಬಾಗಿಲವರೆಗೂ ಬಂದಳು, ಅವನು ಬರಲಿಲ್ಲ. ಅದೇ ರಾಡಿಯಲ್ಲಿ ನಡೆದು ದೇವಾಲಯಕ್ಕೆ ಹೋದೆ. ಗೋದಲಿಯ ಥರ್ಮಕೋಲಿನ ಬೆಟ್ಟ, ಮಿಣಮಿಣ ಬಲ್ಬುಗಳ ನಡುವೆ ಮೇಡಂ ಪೆಟ್ಟಿಗೆಯನ್ನು ಇಸಿದುಕೊಂಡು, “ಎಲ್ಲಾ ಸರಿಹೋಯ್ತಾ?” ಎಂದರು. “ಹೋಯ್ತು ಮೇಡಂ” ಎಂದೆ. ಅವರ ಮಲ್ಲಿಗೆ ಸ್ಪ್ರೇಯ ವಾಸನೆಗೆ ಆ ದಿನ ಮೊದಲ ಸಲ ನಿಜವಾಗಿ ವಾಂತಿಯಾಯಿತು, ಗೋಡೆಯ ಹಿಂದೆ ಹೋಗಿ ಮಾಡಿ ಬಂದೆ. ನೀವು ಹೊಸ ಬಟ್ಟೆ ಹಾಕಿಕೊಂಡು ಕಾಯುತ್ತಿದ್ದಿರಿ.

ಜನವರಿಯಲ್ಲಿ ಪಾಪನಿವೇದನೆಗೆ ಹೋಗಿ ಎಲ್ಲ ಹೇಳಿದೆ. ಫಾದರ್ ಮೂರು ನಮೋಮರಿಯ ಜಪ ಹೇಳಿ ಎಂದರು. ಮೂರು ಹೇಳಲು ಎರಡು ನಿಮಿಷವೂ ಬೇಡ. ಇಷ್ಟು ಅಗ್ಗವಾಗಿ ಬಿಟ್ಟರಲ್ಲ ಎಂದು ಅವರ ಮೇಲೂ ಅಸಹ್ಯವಾಯಿತು.

ಮುಂದಿನ ಸಲ ಗುಂಡಿಗೆ ಬೇರೆಯವನು ಬಂದ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ, ಒಳಗೆ ನೋಡಲಿಲ್ಲ, ಮಾತನಾಡಲಿಲ್ಲ. ಸಿಮೋನಪ್ಪ ಎಲ್ಲಿ ಎಂದು ಕೇಳಲು ನಾನು ಮೂರು ಸಲ ಬಾಯಿ ತೆರೆಯಬೇಕಾಯಿತು. ಮಾದನಾಯಕನಹಳ್ಳಿ ಕಡೆ ಗೋಡೌನ್ ಕೆಲಸಕ್ಕೆ ಹೋದನಂತೆ, ಹೆಂಡತಿಯನ್ನೂ ಕರೆದುಕೊಂಡು. ಅಲ್ಲಿ ಪೂಜೆಗೆ ಹೋಗುತ್ತಾನೋ ಇಲ್ಲವೋ ಗೊತ್ತಿಲ್ಲ. ಕೊನೆಯ ಬೆಂಚಿನಲ್ಲಿ ಈಗ ಜನ ತುಂಬಿ ಕೂರುತ್ತಾರೆ.

ಮಕ್ಕಳೇ, ನಾನು ತೀರಿಹೋದ ದಿನ ದೇವಾಲಯದಲ್ಲಿ ಫಾದರ್ ನನ್ನ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ಭಕ್ತೆ, ಮೆದು ಮಾತಿನವಳು, ಯಾರ ಮನಸ್ಸನ್ನೂ ನೋಯಿಸದವಳು ಎನ್ನುತ್ತಾರೆ. ಸ್ಟೆಲ್ಲಾ ಮೇಡಂ ಅಳಲೂಬಹುದು. ನಿಮಗೂ ಅದನ್ನೆಲ್ಲ ನಂಬಬೇಕೆನಿಸುತ್ತದೆ. ಅದಕ್ಕೇ ಈ ಹಾಳೆಗಳನ್ನು ಎಲ್ಲೂ ಕಳೆಯದೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮಣ್ಣು ಮಾಡಿ ಮನೆಗೆ ಬಂದು, ಕೈಕಾಲು ತೊಳೆದು, ಇಬ್ಬರೂ ಒಟ್ಟಿಗೆ ಕೂತು ಇನ್ನೊಮ್ಮೆ ಓದಿ.